ರೊಟ್ಟಿ ನಿಮ್ಮದು, ಕಾಯುವ ದುಡ್ಡು ಯಾರದು?

ಪ್ರಶ್ನೆ: ನಾನು ಗದಗದವಳು, ವಯಸ್ಸು 41. ಯಜಮಾನರು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿದ್ದರು, ಬೆನ್ನುನೋವು ಹೆಚ್ಚಾಗಿ ಹೋದ ವರ್ಷ ಬಿಟ್ಟರು. ಈಗ ಮನೆಯಲ್ಲಿ ಕೂತು ಮಾಡುವ ಸಣ್ಣಪುಟ್ಟ ಕೆಲಸ ಮಾತ್ರ ಅವರಿಂದ ಆಗುತ್ತದೆ. ಮಗಳು ಬಿ.ಕಾಂ. ಕೊನೆಯ ವರ್ಷ, ಮಗ ಪಿಯುಸಿ. ನಾನು ಕೆಲವು ವರ್ಷಗಳಿಂದ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಕೊಡುತ್ತ ಬಂದಿದ್ದೇನೆ. ಒಂದು ಹಾಸ್ಟೆಲ್ಲಿಗೆ ದಿನಾ 80 ಮೆತ್ತನ್ನ ರೊಟ್ಟಿ ಹೋಗುತ್ತವೆ, ಒಂದಕ್ಕೆ 8 ರೂಪಾಯಿ, ವಾರಕ್ಕೊಮ್ಮೆ ಹಣ ಬರುತ್ತದೆ. ಓಣಿಯವರು ಖಡಕ್ ರೊಟ್ಟಿಯನ್ನು 10 ರೂಪಾಯಿಗೆ ಒಯ್ಯುತ್ತಾರೆ. ಮದುವೆ, ಸೀಮಂತದ ಆರ್ಡರ್ ಬೇರೆ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿಯನ್ನೂ ಮಾಡಿ ಕೊಡುತ್ತೇನೆ. ಜೋಳ ಕಿಲೋಗೆ 45 ರೂಪಾಯಿ ಹಿಡಿದು, ಬೀಸುವುದು, ಗ್ಯಾಸು, ಬಡಿದವರ ಕೂಲಿ, ಪ್ಯಾಕೆಟ್ ಎಲ್ಲ ಸೇರಿಸಿದರೆ ಒಂದು ಖಡಕ್ ರೊಟ್ಟಿಗೆ 6 ರೂಪಾಯಿ ಬೀಳುತ್ತದೆ.

ಕೈಯಲ್ಲಿ ಎರಡೂವರೆ ಲಕ್ಷ ರೂಪಾಯಿ ಇದೆ. ಇದನ್ನೇ ದೊಡ್ಡದು ಮಾಡಬೇಕು. ಆದರೆ ಒಬ್ಬೊಬ್ಬರದು ಒಂದೊಂದು ಮಾತು. ಅಕ್ಕ ಖಾನಾವಳಿ ಇಡು ಎನ್ನುತ್ತಾಳೆ. ಮಳಿಗೆಯೂ ಸಿಕ್ಕಿದೆ, ಒಂದು ಲಕ್ಷ ಅಡ್ವಾನ್ಸ್, 12 ಸಾವಿರ ಬಾಡಿಗೆ. ಪರಿಚಯದ ಒಬ್ಬ ಏಜೆಂಟರು ದಿನಾ 500 ಖಡಕ್ ರೊಟ್ಟಿ ಕೊಟ್ಟರೆ 7 ರೂಪಾಯಿಯಂತೆ ಹುಬ್ಬಳ್ಳಿಯ ಕಿರಾಣಿ ಅಂಗಡಿಗಳಿಗೆ ಹಾಕಿಸುತ್ತೇನೆ, ಹಣ ತಿಂಗಳ ಮೇಲೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾದಿನಿಯ ಮಗ, ರೊಟ್ಟಿ ಮತ್ತು ಹಿಂಡಿಯನ್ನು ತಿಂಗಳ ಲೆಕ್ಕದಲ್ಲಿ ಮನೆಗಳಿಗೆ ಕಳಿಸೋಣ, ಗಿರಾಕಿಗಳನ್ನು ನಾನು ಹಿಡಿಯುತ್ತೇನೆ, ಅರ್ಧ ಪಾಲು ಕೊಡಿ ಎನ್ನುತ್ತಾನೆ. ಇನ್ನೊಂದು ಕಡೆ ಐದು ಲಕ್ಷಕ್ಕೆ ತಿಂಡಿ ಅಂಗಡಿಯ ಫ್ರಾಂಚೈಸಿ ಕೊಡುತ್ತೇವೆ ಎಂದು ಫೋನ್ ಮೇಲೆ ಫೋನ್ ಬರುತ್ತಿದೆ. ತವರಿನ ಬಂಗಾರ ಒತ್ತೆ ಇಟ್ಟರೆ ಅದೂ ಆಗುತ್ತದೆ. ರಾತ್ರಿ ನಿದ್ದೆ ಬರುತ್ತಿಲ್ಲ. ತಪ್ಪು ದಾರಿ ಹಿಡಿದರೆ ದುಡ್ಡೂ ಹೋಗುತ್ತದೆ, ಇಷ್ಟು ವರ್ಷ ಗಳಿಸಿದ ಹೆಸರೂ ಹೋಗುತ್ತದೆ. ಏನು ಮಾಡಲಿ?

— ಹೆಸರು ಬೇಡ, ಗದಗ

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟದ್ದು ಆ ಆರು ರೂಪಾಯಿಯ ಲೆಕ್ಕ. ಮನೆಯಿಂದ ವ್ಯಾಪಾರ ಶುರು ಮಾಡುವ ಹೆಚ್ಚಿನವರು ತಮ್ಮ ಕೈಕೆಲಸಕ್ಕೆ ಬೆಲೆ ಕಟ್ಟುವುದಿಲ್ಲ; ಹಿಟ್ಟು, ಗ್ಯಾಸು ಕಳೆದು ಉಳಿದದ್ದನ್ನೆಲ್ಲ ಲಾಭ ಎನ್ನುತ್ತಾರೆ. ನೀವು ಬಡಿದವರ ಕೂಲಿಯನ್ನೂ ಅಸಲಿಗೆ ಸೇರಿಸಿದ್ದೀರಿ. ನಾಳೆ ನಿಮ್ಮ ಬದಲು ಇನ್ನೊಬ್ಬರು ಹಂಚಿನ ಮುಂದೆ ಕೂತರೂ ಈ ಲೆಕ್ಕ ಕೆಡುವುದಿಲ್ಲ. ಹಾಗಾಗಿ ಈ ಉತ್ತರವನ್ನು ನಿಮ್ಮ ಅಂಕಿಗಳ ಮೇಲೆಯೇ ಕಟ್ಟುತ್ತೇನೆ.

ನಾಲ್ಕು ಮಂದಿ ನಾಲ್ಕು ದಾರಿ ತೋರಿಸಿದ್ದಾರೆ. ನಾಲ್ವರೂ ಹೇಳಿರುವುದು ಎಷ್ಟು ಸಿಗುತ್ತದೆ ಎಂಬುದನ್ನು. ಎರಡು ಪ್ರಶ್ನೆಗಳನ್ನು ಯಾರೂ ಎತ್ತಿಲ್ಲ. ರೊಟ್ಟಿ ಮನೆ ಬಿಟ್ಟ ದಿನದಿಂದ ಹಣ ಕೈಗೆ ಬರುವ ದಿನದವರೆಗೆ ಕಾಯುವುದು ಯಾರ ದುಡ್ಡು? ಮಾರಾಟವಾಗದೆ ಉಳಿದ, ಮುರಿದ, ಮೆತ್ತಗಾದ ರೊಟ್ಟಿ ಯಾರ ತಲೆಗೆ? ಬಿಸಿನೆಸ್ ಮಾಡೆಲ್ ಎಂಬ ದೊಡ್ಡ ಮಾತಿನೊಳಗೆ ಸಣ್ಣ ವ್ಯಾಪಾರಿಗೆ ಬೇಕಾದದ್ದು ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳ ಉತ್ತರವೇ. ಎರಡಕ್ಕೂ ‘ನಾನೇ’ ಎಂದು ಉತ್ತರ ಬರುವ ದಾರಿಯನ್ನು ಕೈಯಲ್ಲಿ ಎರಡೂವರೆ ಲಕ್ಷ ಇರುವವರು ಹಿಡಿಯಬಾರದು.

ಮೊದಲು ಹುಬ್ಬಳ್ಳಿಯ ಕಿರಾಣಿ ಅಂಗಡಿಗಳ ಮಾತು. ದಿನಾ 500 ರೊಟ್ಟಿ ಎಂದರೆ ಕೇಳಲು ದೊಡ್ಡ ವ್ಯಾಪಾರವೇ. ಅಸಲು 6, ಮಾರಿದ್ದು 7, ರೊಟ್ಟಿಗೆ ಒಂದು ರೂಪಾಯಿಯಂತೆ ದಿನಕ್ಕೆ 500 ರೂಪಾಯಿ ಲಾಭ. ಈಗ ಎರಡು ಪ್ರಶ್ನೆಗಳನ್ನು ಕೇಳೋಣ. ಹಣ ತಿಂಗಳ ಮೇಲೆ ಬರುವುದಾದರೆ, ದಿನಕ್ಕೆ 3,000 ರೂಪಾಯಿ ಖರ್ಚಿನಂತೆ 26 ದಿನಕ್ಕೆ 78,000 ರೂಪಾಯಿ ನಿಮ್ಮ ಕೈಬಿಟ್ಟಿರುತ್ತದೆ, ಒಂದು ರೂಪಾಯಿಯೂ ಮರಳಿ ಬರುವ ಮೊದಲೇ. ಜೋಳದ ವ್ಯಾಪಾರಿ, ಗಿರಣಿಯವರು, ಬಡಿಯುವ ಹೆಣ್ಣುಮಕ್ಕಳು ಯಾರೂ ತಿಂಗಳು ಕಾಯುವವರಲ್ಲ. ಅಂದರೆ ಅಂಗಡಿಯವರಿಗೆ ನೀವು ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ಇನ್ನು ಉಳಿದ ಮಾಲು. ಖಡಕ್ ರೊಟ್ಟಿ ವಾರಗಟ್ಟಲೆ ತಡೆಯುತ್ತದೆ ನಿಜ, ಆದರೆ ಗಾಡಿಯಲ್ಲಿ, ಅಂಗಡಿಯ ಹಲಗೆಯ ಮೇಲೆ ಮುರಿಯುತ್ತದೆ, ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಅಂಗಡಿಯವರು ಅದನ್ನು ನಿಮಗೇ ಹಿಂದಿರುಗಿಸುತ್ತಾರೆ. ನೂರಕ್ಕೆ ಎಂಟು ಹಿಂದೆ ಬಂದರೆ ನಿಮ್ಮ 500 ರೂಪಾಯಿ ಲಾಭ 220ಕ್ಕೆ ಇಳಿಯುತ್ತದೆ. ನೂರಕ್ಕೆ ಹದಿನೈದು ಬಂದರೆ ದಿನಾ 25 ರೂಪಾಯಿ ಕೈಯಿಂದ ಹೋಗುತ್ತದೆ. 500 ರೊಟ್ಟಿಯ ದುಡಿತ ಮಾತ್ರ ಹಾಗೆಯೇ ಇರುತ್ತದೆ.

ಜೋಳದ ದರವನ್ನೂ ನೋಡಿ. ಕಿಲೋ ಹಿಟ್ಟಿಗೆ ಹದಿನೈದು ರೊಟ್ಟಿ ಎಂದು ಹಿಡಿದರೆ, ಜೋಳ 45ರಿಂದ 60ಕ್ಕೆ ಏರಿದಾಗ ಪ್ರತಿ ರೊಟ್ಟಿಯ ಅಸಲು ಸರಿಯಾಗಿ ಒಂದು ರೂಪಾಯಿ ಏರುತ್ತದೆ. ಅಂಗಡಿಗೆ ಕೊಡುವ ರೊಟ್ಟಿಯಲ್ಲಿ ನಿಮಗಿರುವ ಲಾಭವೂ ಅಷ್ಟೇ. ಓಣಿಯ ಗಿರಾಕಿಗೆ ‘ಜೋಳ ತುಟ್ಟಿ ಆಗ್ಯದರೀ, ಇನ್ನು ಹನ್ನೊಂದು ರೂಪಾಯಿ’ ಎಂದು ನೀವೇ ಹೇಳಬಹುದು. ಏಜೆಂಟರು, ಅವರ ಹಿಂದೆ ಹತ್ತಾರು ಅಂಗಡಿಯವರು ಒಪ್ಪುವ ಹೊತ್ತಿಗೆ ಸುಗ್ಗಿಯೇ ಬಂದಿರುತ್ತದೆ.

ಸಣ್ಣ ಉತ್ಪಾದಕರಿಗೆ ಕೊಡಬೇಕಾದ ಹಣವನ್ನು ಬರೆದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು ಎಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ತಡವಾದರೆ ಬಡ್ಡಿಯೂ ಉಂಟು. ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಈ ರಕ್ಷಣೆ ನಿಮಗೂ ಸಿಗುತ್ತದೆ. ದೊಡ್ಡ ಕಂಪನಿಗೆ ಮಾಲು ಕೊಡುವಾಗ ಇದು ನಿಜವಾದ ಆಸರೆ. ಆದರೆ ಎರಡು ಸಾವಿರ ರೂಪಾಯಿ ಬಾಕಿ ಉಳಿಸಿಕೊಂಡ ಕಿರಾಣಿ ಅಂಗಡಿಯವರ ಮೇಲೆ ದೂರು ಕೊಡಲು ಗದಗದಿಂದ ನೀವು ಓಡಾಡುತ್ತೀರಾ? ಕಾಯ್ದೆಯನ್ನು ನಂಬಿ ಉದ್ರಿ ಕೊಡಬೇಡಿ. ಏಜೆಂಟರಿಗೆ ಹೀಗೆ ಹೇಳಿ: ಊರೊಳಗಿನ ಎರಡು ಅಂಗಡಿಗೆ ಮಾತ್ರ ಕೊಡುತ್ತೇನೆ, ಮಾಲು ಇಳಿಸಿದಾಗಲೇ ರೋಖ ಹಣ, ಒಡೆದದ್ದು ವಾಪಸ್ ಇಲ್ಲ, ಬೇಕಿದ್ದರೆ ದರ ಕಾಲು ರೂಪಾಯಿ ಕಡಿಮೆ. ಒಪ್ಪಿದರೆ ಸರಿ, ಇಲ್ಲವಾದರೆ ಬೇಡ.

ಖಾನಾವಳಿಯ ವಿಷಯದಲ್ಲಿ ನಿಮ್ಮ ಅಕ್ಕನ ಪ್ರೀತಿ ಅರ್ಥವಾಗುತ್ತದೆ. ಊಟಕ್ಕೆ ಬಂದವರು ಎದುರಿಗೇ ಹಣ ಕೊಟ್ಟು ಹೋಗುತ್ತಾರೆ, ಉದ್ರಿಯ ಕಾಟ ಕಡಿಮೆ. ಆದರೆ ಇಲ್ಲಿ ನಿಮ್ಮ ದುಡ್ಡು ಕಾಯುವುದು ಬೇರೆ ರೀತಿಯಲ್ಲಿ. 12 ಸಾವಿರ ಬಾಡಿಗೆ, ಕೆಲಸದ ಇಬ್ಬರಿಗೆ ಹೆಚ್ಚುಕಡಿಮೆ 24 ಸಾವಿರ ಪಗಾರ, ಗ್ಯಾಸು ಮತ್ತು ಕರೆಂಟಿಗೆ 6 ಸಾವಿರ ಹಿಡಿದರೂ ತಿಂಗಳಿಗೆ 42 ಸಾವಿರ ರೂಪಾಯಿ. ಒಬ್ಬರೂ ಊಟಕ್ಕೆ ಬರದಿದ್ದರೂ ಇದನ್ನು ಕೊಡಲೇಬೇಕು. ಒಂದು ಊಟದಲ್ಲಿ ಸಾಮಾನಿನ ಖರ್ಚು ಕಳೆದು 30 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. ತಿಂಗಳಿಗೆ 1,400 ಊಟ, ಅಂದರೆ ದಿನಕ್ಕೆ 54 ಊಟ ಹೋದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿಮ್ಮ ದುಡಿಮೆಗೆ 15 ಸಾವಿರವಾದರೂ ಸಿಗಬೇಕಾದರೆ ದಿನಾ 73 ಊಟ ಹೋಗಬೇಕು. ರಾತ್ರಿ ಉಳಿದ ಸಾರು, ಪಲ್ಯ ನಿಮ್ಮ ತಲೆಗೆ. ಬೆನ್ನುನೋವಿನ ಯಜಮಾನರು, ಓದುವ ಮಕ್ಕಳು ಇರುವ ಮನೆಯಲ್ಲಿ ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ನೀವೊಬ್ಬರೇ ನಿಲ್ಲಬೇಕು. ಉತ್ತರ ಕರ್ನಾಟಕದ ಎಷ್ಟೋ ಸಂಸಾರಗಳನ್ನು ಖಾನಾವಳಿಗಳು ಎತ್ತಿ ನಿಲ್ಲಿಸಿವೆ. ಆದರೆ ನಿಮ್ಮ ಕೈಗುಣ ಇರುವುದು ರೊಟ್ಟಿಯಲ್ಲಿ. ಖಾನಾವಳಿ ಇಡುವುದಕ್ಕಿಂತ, ಈಗಾಗಲೇ ನಡೆಯುತ್ತಿರುವ ನಾಲ್ಕು ಖಾನಾವಳಿಗಳಿಗೆ ರೊಟ್ಟಿ ಕೊಡುವುದು ನಿಮಗೆ ಒಳ್ಳೆಯದು. ಅದಕ್ಕೆ ಮತ್ತೆ ಬರುತ್ತೇನೆ.

ಫ್ರಾಂಚೈಸಿ ಬೇಡ. ಇದ್ದ ದುಡ್ಡೆಲ್ಲ ಹಾಕಿ, ಬಂಗಾರ ಒತ್ತೆ ಇಟ್ಟು, ಇನ್ನೊಬ್ಬರ ಹೆಸರಿನ ಅಂಗಡಿಯಲ್ಲಿ ನಿಮಗೆ ಗೊತ್ತಿಲ್ಲದ ತಿಂಡಿ ಮಾರುವ ಅಗತ್ಯವೇ ಇಲ್ಲ. ಇನ್ನೊಂದು ಸಂಗತಿ ತಿಳಿದಿರಲಿ. ಫ್ರಾಂಚೈಸಿಗೆಂದೇ ಮಾಡಿದ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಎಲ್ಲವೂ ನೀವು ಸಹಿ ಮಾಡುವ ಒಪ್ಪಂದದ ಕಾಗದವನ್ನೇ ಅವಲಂಬಿಸಿರುತ್ತದೆ, ಮತ್ತು ಆ ಕಾಗದವನ್ನು ಬರೆಸುವವರು ಅವರು. ಈಗಾಗಲೇ ಎಷ್ಟು ಅಂಗಡಿ ತೆರೆದಿವೆ, ಎಷ್ಟು ಮುಚ್ಚಿವೆ ಎಂಬುದನ್ನು ಬರೆದು ಕೊಡಿ ಎಂದು ಕೇಳಿ ನೋಡಿ. ಫೋನುಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಈಗ ನಾದಿನಿಯ ಮಗನ ಮಾತು. ನಾಲ್ಕರಲ್ಲಿ ನನಗೆ ಸತ್ವ ಕಂಡಿರುವುದು ಇದರಲ್ಲಿ. ಆದರೆ ಅವನು ಕೇಳಿದ ರೀತಿಯಲ್ಲಿ ಬೇಡ.

ತಿಂಗಳ ಲೆಕ್ಕ ಎಂಬುದೇ ಇದರ ಬಲ. ತಿಂಗಳ ಮೊದಲಿಗೇ ಹಣ ಕೊಟ್ಟವರಿಗೆ ಮಾತ್ರ ಪೆಟ್ಟಿಗೆ ಎಂದು ಕಟ್ಟುನಿಟ್ಟು ಮಾಡಿದರೆ, ಗಿರಾಕಿಯ ದುಡ್ಡಿನಲ್ಲೇ ಜೋಳ ತರುತ್ತೀರಿ. ಎಷ್ಟು ಬೇಕೆಂದು ಗೊತ್ತಾದ ಮೇಲೆ ಬಡಿಯುತ್ತೀರಿ, ಆದ್ದರಿಂದ ಮಾರದೆ ಉಳಿಯುವ ಮಾತೇ ಇಲ್ಲ. ದಾರಿಯಲ್ಲಿ ಮುರಿಯುವ ಭಯವೊಂದೇ ಉಳಿಯುತ್ತದೆ. ಒಂದು ಪೆಟ್ಟಿಗೆಯಲ್ಲಿ 40 ಖಡಕ್ ರೊಟ್ಟಿ, ಅರ್ಧ ಕಿಲೋ ಹಿಂಡಿ ಇಡುತ್ತೀರಿ ಎಂದುಕೊಳ್ಳಿ. ರೊಟ್ಟಿಗೆ 240, ಹಿಂಡಿಗೆ 130, ಗಟ್ಟಿ ರಟ್ಟಿನ ಪೆಟ್ಟಿಗೆಗೆ 40, ಸಾಗಣೆಗೆ 90, ಮುರಿದದ್ದಕ್ಕೆ 30, ಒಟ್ಟು 530 ರೂಪಾಯಿ. ಇವು ನನ್ನ ಅಂದಾಜು, ನಿಮ್ಮಲ್ಲಿ ಕೇಳಿ ತಿದ್ದಿಕೊಳ್ಳಿ. ನಮ್ಮ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ 2021ರಿಂದ ‘ನಮ್ಮ ಕಾರ್ಗೋ’ ಸೇವೆ ಇದೆ. ಖಾಸಗಿ ಪಾರ್ಸೆಲ್ ಕಚೇರಿಗಳೂ ಇವೆ. ಹತ್ತು ಪೆಟ್ಟಿಗೆಗಳನ್ನು ಒಂದೇ ಗಂಟಿನಲ್ಲಿ ಕಳಿಸಿ, ಅಲ್ಲಿಂದ ಮನೆಮನೆಗೆ ಹಂಚಿದರೆ ಎಷ್ಟು, ಒಂದೊಂದನ್ನೇ ಕೊರಿಯರ್ ಮಾಡಿದರೆ ಎಷ್ಟು ಎಂಬುದನ್ನು ಎರಡೂ ಕಡೆ ಕೇಳಿ ಬರೆದಿಟ್ಟುಕೊಳ್ಳಿ. ಪೆಟ್ಟಿಗೆಯನ್ನು 750ಕ್ಕೆ ಕೊಟ್ಟರೆ 220 ಉಳಿಯುತ್ತದೆ. ತಂದುಕೊಟ್ಟ ಗಿರಾಕಿಗೆ ನೂರಕ್ಕೆ ಹತ್ತರಂತೆ 75 ರೂಪಾಯಿ ನಾದಿನಿಯ ಮಗನಿಗೆ ಕೊಟ್ಟರೂ ನಿಮಗೆ 145. ನೂರು ಮನೆಗಳಾದರೆ ತಿಂಗಳಿಗೆ 14,500 ರೂಪಾಯಿ.

ಇದಕ್ಕೆ ಬೇಕಾಗುವುದು ತಿಂಗಳಿಗೆ 4,000 ರೊಟ್ಟಿ, ದಿನಕ್ಕೆ ಸುಮಾರು 154. ಹುಬ್ಬಳ್ಳಿಯ ಅಂಗಡಿಗಳಿಗೆ ದಿನಾ 500 ಬಡಿದು, ಒಂದೂ ಮುರಿಯದೆ ಹೋದರೂ ತಿಂಗಳಿಗೆ ಸಿಗುವುದು 13,000. ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ದುಡಿತದಲ್ಲಿ ಹೆಚ್ಚು ಹಣ, ಅದೂ ಮುಂಗಡವಾಗಿ. ಆದರೆ ನೂರು ಮನೆ ಸಿಗುವುದು ಸುಲಭವಲ್ಲ, ಮೊದಲ ತಿಂಗಳು ಇಪ್ಪತ್ತು ಸಿಕ್ಕರೂ ಸಂತೋಷಪಡಿ. ಬೆಂಗಳೂರಿನಲ್ಲಿ ನೆಲೆಸಿರುವ ಗದಗ, ಧಾರವಾಡ, ವಿಜಯಪುರ, ಬಾಗಲಕೋಟೆಯ ಮನೆಗಳವರಿಗೆ ಒಳ್ಳೆಯ ರೊಟ್ಟಿ ಯಾವುದೆಂದು ಹೇಳಿಕೊಡಬೇಕಿಲ್ಲ. ಅವರೇ ನಿಮ್ಮ ಮೊದಲ ಗಿರಾಕಿಗಳು. ಕಲಬುರಗಿ ಜಿಲ್ಲೆಯ ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಬೆಂಗಳೂರಿನವರೆಗೆ ರೊಟ್ಟಿ ಮುಟ್ಟಿಸಿವೆ. 2025ರ ಜೂನ್ ತಿಂಗಳ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ಅದನ್ನು ಪ್ರಸ್ತಾಪಿಸಿದರು. ಮನೆಯ ರೊಟ್ಟಿಗೆ ದೂರದ ಊರಲ್ಲಿ ಬೇಡಿಕೆ ಇದೆ ಎಂಬ ಬಗ್ಗೆ ಅನುಮಾನ ಬೇಡ.

ಹಾಗಾದರೆ ಅರ್ಧ ಪಾಲು ಯಾಕೆ ಬೇಡ? ಹುಡುಗ ಕೆಟ್ಟವನೆಂದು ನಾನು ಹೇಳುತ್ತಿಲ್ಲ. 1932ರ ಪಾಲುದಾರಿಕೆ ಕಾಯ್ದೆ ಹೇಗಿದೆ ಎಂದು ತಿಳಿದರೆ ನಿಮಗೇ ಅರ್ಥವಾಗುತ್ತದೆ. ಕರಾರು ಪತ್ರದಲ್ಲಿ ಬೇರೆ ಬರೆಯದಿದ್ದರೆ, ಯಾರು ಎಷ್ಟೇ ಬಂಡವಾಳ ಹಾಕಿರಲಿ, ಲಾಭ ನಷ್ಟ ಎರಡೂ ಸಮಪಾಲು. ಸಂಸ್ಥೆಯ ಹೆಸರಿನಲ್ಲಿ ಒಬ್ಬರು ಮಾಡಿದ ಸಾಲಕ್ಕೆ ಇನ್ನೊಬ್ಬರ ಸ್ವಂತ ಆಸ್ತಿಯೂ ಹೊಣೆ. ನೋಂದಣಿ ಆಗದ ಪಾಲುದಾರಿಕೆಯಲ್ಲಿ ನಿಮ್ಮ ಹಕ್ಕಿಗಾಗಿ ಕೋರ್ಟಿಗೆ ಹೋಗುವುದೂ ಕಷ್ಟ. ಬಂಡವಾಳ, ಬೆಂಕಿಯ ಮುಂದಿನ ದುಡಿತ, ಹೆಸರು ಎಲ್ಲ ನಿಮ್ಮದು. ಅವನು ತರುವುದು ಗಿರಾಕಿಗಳನ್ನು. ತಂದದ್ದಕ್ಕೆ ತಕ್ಕ ಹಣ ಕೊಡಿ, ಪ್ರತಿ ತಿಂಗಳೂ ತಪ್ಪದೆ ಕೊಡಿ, ಆದರೆ ಒಡೆತನ ಕೊಡಬೇಡಿ. ವರ್ಷ ಕಳೆದ ಮೇಲೆ ಅವನು ಕೆಲಸಕ್ಕೆಂದು ಬೇರೆ ದೇಶಕ್ಕೆ ಹೋದರೆ ಕಮಿಷನ್ ನಿಲ್ಲುತ್ತದೆ, ಸಂಬಂಧ ಉಳಿಯುತ್ತದೆ. ಪಾಲು ಕೊಟ್ಟಿದ್ದರೆ ಆ ಹೊತ್ತಿಗೆ ಲೆಕ್ಕದ ಜಗಳ ನಾದಿನಿಯ ಮನೆಯವರೆಗೂ ಹೋಗಿರುತ್ತದೆ. ನಿಮ್ಮ ಯಜಮಾನರು ಈ ಮಾತನ್ನು ತಂಗಿಗೆ ಹೇಳಲು ಮುಜುಗರಪಟ್ಟಾರು. ನೀವೇ ಹುಡುಗನನ್ನು ಎದುರಿಗೆ ಕೂರಿಸಿಕೊಂಡು, ಕಾಗದದ ಮೇಲೆ 75 ರೂಪಾಯಿಯ ಲೆಕ್ಕ ತೋರಿಸಿ ಹೇಳಿ. ಓದಿದವನು, ಲೆಕ್ಕ ಸ್ಪಷ್ಟವಾಗಿದ್ದರೆ ಒಪ್ಪುತ್ತಾನೆ.

ಇಲ್ಲೇ ಇನ್ನೊಂದು ಎಚ್ಚರಿಕೆ. ಗಿರಾಕಿಯ ಹಣ ಅವನ ಫೋನಿಗೆ ಬಂದು, ಅಲ್ಲಿಂದ ನಿಮಗೆ ಬರುವ ವ್ಯವಸ್ಥೆ ಬೇಡವೇ ಬೇಡ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣವನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟು ಗಾಬರಿಯಾಯಿತು ಎಂಬುದು ನಿಮಗೂ ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ಕ್ಯೂಆರ್ ಕೋಡ್ ತೆಗೆದುಬಿಟ್ಟಿದ್ದರು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ನೀವು ಅದರಿಂದ ಬಹಳ ದೂರದಲ್ಲಿದ್ದೀರಿ. ರೊಟ್ಟಿಯ ಮೇಲಿನ ಜಿಎಸ್‌ಟಿಯನ್ನೂ 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಆದರೂ ಮನೆಯ ಹಣ, ವ್ಯಾಪಾರದ ಹಣ, ನಂಟರ ಹಣ ಒಂದೇ ಖಾತೆಯಲ್ಲಿ ಕಲೆತರೆ ನಾಳೆ ಯಾರು ಕೇಳಿದರೂ ಉತ್ತರ ಕೊಡಲಾಗುವುದಿಲ್ಲ. ವ್ಯಾಪಾರಕ್ಕೆಂದೇ ನಿಮ್ಮ ಹೆಸರಿನಲ್ಲಿ ಒಂದು ಖಾತೆ ತೆರೆಯಿರಿ, ಅದರದೇ ಕ್ಯೂಆರ್ ಕೋಡ್ ಇರಲಿ.

ಇಷ್ಟಾದರೂ ಬೆಂಗಳೂರಿನ ಪೆಟ್ಟಿಗೆಗಳನ್ನೇ ನಂಬಿ ಮನೆ ನಡೆಸುವುದು ಮೊದಲ ವರ್ಷ ಆಗದು. ಅದಕ್ಕೇ ಖಾನಾವಳಿಗಳಿಗೆ ಮತ್ತೆ ಬರುತ್ತೇನೆ ಎಂದದ್ದು. ಹಾಸ್ಟೆಲ್ಲಿಗೆ ಕೊಡುವ ಮೆತ್ತನ್ನ ರೊಟ್ಟಿಯನ್ನು ನೋಡಿ. ಪ್ಯಾಕೆಟ್ ಇಲ್ಲ, ಮುರಿಯುವ ಭಯವಿಲ್ಲ, ಎಷ್ಟು ಬೇಕೆಂದು ಹಿಂದಿನ ದಿನವೇ ಗೊತ್ತು, ವಾರಕ್ಕೊಮ್ಮೆ ಹಣ. ಅಸಲು ಐದೂವರೆ ಎಂದರೂ ರೊಟ್ಟಿಗೆ ಎರಡೂವರೆ ರೂಪಾಯಿ ಉಳಿಯುತ್ತದೆ. ನೀವು ಇಷ್ಟು ವರ್ಷ ಸುಮ್ಮನೆ ಮಾಡಿಕೊಂಡು ಬಂದ ಈ ವ್ಯಾಪಾರವನ್ನು ಆ ನಾಲ್ವರಲ್ಲಿ ಒಬ್ಬರೂ ದಾರಿ ಎಂದು ಎಣಿಸಲಿಲ್ಲ, ಪತ್ರ ಬರೆಯುವಾಗ ನೀವೂ ಎಣಿಸಲಿಲ್ಲ. ನಿಮ್ಮ ಬುನಾದಿ ಇರುವುದು ಅಲ್ಲೇ. ಮೂರು ಖಾನಾವಳಿ, ಇನ್ನೊಂದು ಹಾಸ್ಟೆಲ್ ಹಿಡಿದು 80 ರೊಟ್ಟಿಯನ್ನು 250ಕ್ಕೆ ಏರಿಸಿದರೆ ದಿನಕ್ಕೆ 625, ತಿಂಗಳಿಗೆ 16,250 ರೂಪಾಯಿ. ಒಂದೇ ಗಿರಾಕಿಗೆ ಅರ್ಧಕ್ಕಿಂತ ಹೆಚ್ಚು ರೊಟ್ಟಿ ಹೋಗದಂತೆ ನೋಡಿಕೊಳ್ಳಿ. ಹಾಸ್ಟೆಲ್ಲಿಗೆ ರಜೆ ಬಿದ್ದಾಗ ಒಲೆ ಆರಬಾರದು.

ದಾರಿ ಒಮ್ಮೆ ಹಿಡಿದರೆ ಬದಲಿಸಲಾಗದು ಎಂಬ ಭಯ ನಿಮ್ಮ ಪತ್ರದ ತುಂಬ ಇದೆ. ಅದು ನಿಮ್ಮ ನಿದ್ದೆ ಕೆಡಿಸಿದೆ, ಆದ್ದರಿಂದ ಒಂದು ಹಳೆಯ ಸಂಗತಿ ಹೇಳುತ್ತೇನೆ. ಬೆಂಗಳೂರಿನ ಎಂಟಿಆರ್ 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಶುರು ಮಾಡಿದ ಹೋಟೆಲ್. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಬಹಳ ಕಡಿಮೆ ದರ ಗೊತ್ತುಮಾಡಿತು. ರುಚಿ ಕೆಡಿಸಲು ಅವರು ಒಪ್ಪಲಿಲ್ಲ, ಆ ದರದಲ್ಲಿ ನಡೆಸಿದರೆ ನಷ್ಟ. ಕೈಕೆಲಸ ಬಲ್ಲ ಆಳುಗಳನ್ನು ಮನೆಗೆ ಕಳಿಸದೆ ಇಡ್ಲಿ, ದೋಸೆಯ ಮಿಕ್ಸು, ಮಸಾಲೆ ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಲು ಹೊರಟರು. ಅದೇ ಕೈ, ಅದೇ ರುಚಿ; ಮಾರುವ ದಾರಿ ಮಾತ್ರ ಬೇರೆ. ಆ ಪೊಟ್ಟಣದ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ದಾರಿ ಬದಲಿಸಿದರೆ ಹೆಸರು ಹೋಗುವುದಿಲ್ಲ ತಂಗಿ. ರೊಟ್ಟಿ ಕೆಟ್ಟರೆ ಹೋಗುತ್ತದೆ.

ಕೆಲಸ ಹೆಚ್ಚಾದಂತೆ ಬಡಿಯುವ ಕೈಗಳು ಬೇಕಾಗುತ್ತವೆ. ಇಲ್ಲಿ ಅನೇಕರು ಲಿಜ್ಜತ್ ಪಾಪಡ್‌ನ ಉದಾಹರಣೆ ಕೊಡುತ್ತಾರೆ. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಶುರು ಮಾಡಿದ ಸಂಸ್ಥೆ ಅದು; ಶಾಖೆಯಲ್ಲಿ ಹಿಟ್ಟು ನಾದಿ ಕೊಡುತ್ತಾರೆ, ಹೆಣ್ಣುಮಕ್ಕಳು ಮನೆಗೆ ಒಯ್ದು ಹಪ್ಪಳ ಲಟ್ಟಿಸಿ ತರುತ್ತಾರೆ. ಎಲ್ಲರೂ ಒಡೆಯರೇ. ನನಗೆ ಬಹಳ ಗೌರವವಿರುವ ಸಂಸ್ಥೆ. ಆದರೆ ಜೋಳಕ್ಕೆ ಆ ಪದ್ಧತಿ ಒಗ್ಗದು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರು ಹಾಕಿ ನಾದಿದ ಕೂಡಲೇ ಬಡಿಯಬೇಕು, ತಡವಾದರೆ ಅಂಚು ಬಿರಿಯುತ್ತದೆ. ನಾದಿದ ಹಿಟ್ಟನ್ನು ಮನೆಗಳಿಗೆ ಹಂಚಲಾಗದು. ಒಣ ಹಿಟ್ಟು ಕೊಟ್ಟು ಕಳಿಸಿದರೆ ಒಬ್ಬರದು ದಪ್ಪ, ಒಬ್ಬರದು ತೆಳು, ಒಂದು ಪೆಟ್ಟಿಗೆಯಲ್ಲಿ ನಾಲ್ಕು ಬಗೆಯ ರೊಟ್ಟಿ. ಹಾಗಾಗಿ ಮೊದಲ ವರ್ಷ ಇಬ್ಬರು ನಿಮ್ಮ ಅಡುಗೆಮನೆಯಲ್ಲೇ, ನಿಮ್ಮ ಕಣ್ಣೆದುರು ಬಡಿಯಲಿ. ರೊಟ್ಟಿಯ ಲೆಕ್ಕದಲ್ಲೇ ಕೂಲಿ ಕೊಡಿ, ಆದರೆ ಆರ್ಡರ್ ಕಡಿಮೆಯಾದ ದಿನವೂ ಬಂದವರು ಬರಿಗೈಯಲ್ಲಿ ಹೋಗದಂತೆ ಒಂದು ಕನಿಷ್ಠ ಮೊತ್ತ ಗೊತ್ತುಮಾಡಿ. ಹೊಗೆಯಲ್ಲಿ ಕೂತು ಬಡಿಯುವ ಆ ಕೈಗಳಿಂದಲೇ ನಿಮ್ಮ ವ್ಯಾಪಾರ. ಅವರ ಕೂಲಿಯಲ್ಲಿ ಉಳಿಸಿ ಲಾಭ ತೋರಿಸುವ ಯಾವ ಮಾದರಿಯನ್ನೂ ನಾನು ಒಳ್ಳೆಯದೆಂದು ಒಪ್ಪುವುದಿಲ್ಲ.

ರೊಟ್ಟಿ ಯಂತ್ರದ ಮಾತು ಬಂದೇ ಬರುತ್ತದೆ. ಕಿರು ಆಹಾರ ಸಂಸ್ಕರಣೆಗೆ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಜೋಡಿಸಿ ನೂರಕ್ಕೆ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನವಿದೆ. ಅರ್ಜಿ ಹಾಕುವ ದಿನ ಯೋಜನೆ ನಡೆಯುತ್ತಿದೆಯೇ ಎಂದು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಆದರೆ ಸಹಾಯಧನ ಇದೆ ಎಂಬ ಕಾರಣಕ್ಕೆ ಯಂತ್ರ ಕೊಂಡರೆ, ಯಂತ್ರ ತುಂಬಿಸುವುದಕ್ಕಾಗಿ ಉದ್ರಿ ಅಂಗಡಿಗಳನ್ನು ಹುಡುಕುತ್ತ ಹೋಗಬೇಕಾಗುತ್ತದೆ. ಆರ್ಡರ್ ತಾನಾಗಿ ಕೈ ಮೀರಿದಾಗ ಯಂತ್ರ ಬರಲಿ. ಸಣ್ಣ ಮೊತ್ತ ಬೇಕಾದರೆ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಜಾಮೀನಿಲ್ಲದೆ ಸಿಗುತ್ತದೆ. ಈಗ ಅದೂ ಬೇಡ.

ಕಾಗದಪತ್ರದ ಕೆಲಸ ಹೆಚ್ಚಿಲ್ಲ. ನಿಮ್ಮೊಬ್ಬರ ಒಡೆತನದ ವ್ಯಾಪಾರವಾಗಿ ಶುರು ಮಾಡಿ, ಕಂಪನಿ ಗಿಂಪನಿ ಬೇಕಿಲ್ಲ. ಉದ್ಯಮ್ ನೋಂದಣಿಗೆ ಸರ್ಕಾರಕ್ಕೆ ಕಟ್ಟುವ ಶುಲ್ಕವಿಲ್ಲ, ಮಗಳು ಆಧಾರ್ ಮತ್ತು ಪ್ಯಾನ್ ಹಿಡಿದು ಮನೆಯಲ್ಲೇ ಮಾಡಬಲ್ಲಳು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾತ್ರ ಕಡ್ಡಾಯ. ನಿಮ್ಮಂಥ ಸಣ್ಣ ವಹಿವಾಟಿಗೆ ಸರಳ ನೋಂದಣಿ ಸಾಕು, ಶುಲ್ಕವೂ ಅಲ್ಪ. ಪೆಟ್ಟಿಗೆಯ ಮೇಲೆ ಆ ನೋಂದಣಿ ಸಂಖ್ಯೆ, ನಿಮ್ಮ ಹೆಸರು, ವಿಳಾಸ, ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕ, ದೂರು ಹೇಳಲು ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು ಇರಲಿ. ಹಿಂಡಿಯಲ್ಲಿ ಶೇಂಗಾ ಇದೆ ಎಂಬುದನ್ನು ಎದ್ದು ಕಾಣುವಂತೆ ಬರೆಯಿರಿ, ಶೇಂಗಾ ಆಗಿಬರದವರು ಇರುತ್ತಾರೆ.

ಎರಡೂವರೆ ಲಕ್ಷವನ್ನು ಹೀಗೆ ಪಾಲು ಮಾಡಿ. ಒಂದು ಲಕ್ಷ ಬ್ಯಾಂಕಿನಲ್ಲಿ ಠೇವಣಿ. ಅದು ಮಕ್ಕಳ ಓದಿನದು, ವ್ಯಾಪಾರದ್ದಲ್ಲ. 90 ಸಾವಿರ ಮನೆಗೆ, ತಿಂಗಳಿಗೆ 15 ಸಾವಿರದಂತೆ ಆರು ತಿಂಗಳ ಧೈರ್ಯ. ಉಳಿದ 60 ಸಾವಿರ ಮಾತ್ರ ವ್ಯಾಪಾರಕ್ಕೆ: ನಾಲ್ಕು ಕ್ವಿಂಟಲ್ ಜೋಳಕ್ಕೆ 18 ಸಾವಿರ, ಇನ್ನೆರಡು ಹಂಚು, ಒಲೆ, ಪೆಟ್ಟಿಗೆ, ಲೇಬಲ್ಲು, ಮೊದಲ ವಾರಗಳ ಕೂಲಿ. ಮೂರು ತಿಂಗಳು ಇದರಲ್ಲೇ ನಡೆಯಬೇಕು. 60 ಸಾವಿರ ಮುಗಿದು ಮತ್ತೆ ಹಣ ಬೇಕು ಎನ್ನಿಸಿದರೆ ಠೇವಣಿ ಮುರಿಯಬೇಡಿ, ನಿಲ್ಲಿಸಿ ಲೆಕ್ಕ ನೋಡಿ. ಬಂಗಾರ ಪೆಟ್ಟಿಗೆಯಲ್ಲೇ ಇರಲಿ. ಒಂದು ವರ್ಷ ಗಟ್ಟಿಯಾಗಿ ನಡೆದ ಮೇಲೆ ಫೆಬ್ರುವರಿ, ಮಾರ್ಚ್‌ನಲ್ಲಿ ಹಿಂಗಾರಿ ಮಾಲದಂಡಿ ಜೋಳ ಮಾರುಕಟ್ಟೆಗೆ ಬಂದಾಗ ಆರು ತಿಂಗಳಿಗಾಗುವಷ್ಟು ಕೊಂಡಿಡುವುದಕ್ಕೆ ದುಡ್ಡು ಹಾಕಬಹುದು. ಯಂತ್ರಕ್ಕಿಂತ, ಮಳಿಗೆಯ ಅಡ್ವಾನ್ಸಿಗಿಂತ ಅದು ನಿಮಗೆ ಹೆಚ್ಚು ಕೊಡುತ್ತದೆ.

ಯಜಮಾನರ ವಿಷಯ. ಬೆನ್ನುನೋವಿನವರು ಭಾರ ಎತ್ತಬಾರದು, ಆದರೆ ಎಣಿಸಿ ಪೆಟ್ಟಿಗೆ ಕಟ್ಟುವುದು, ಖಾನಾವಳಿಯವರ ಜೊತೆ ಫೋನಿನಲ್ಲಿ ಮಾತು, ವಾರದ ವಸೂಲಿ ಅವರಿಂದ ಆಗುತ್ತದೆ. ದುಡಿದು ಬಂದ ಗಂಡಸಿಗೆ ಮನೆಯಲ್ಲಿ ಕೂತಿರುವುದು ಬೆನ್ನುನೋವಿಗಿಂತ ಹೆಚ್ಚು ನೋಯಿಸುತ್ತದೆ. ಇದು ಅವರದೂ ವ್ಯಾಪಾರ ಎಂದು ಮೊದಲ ದಿನವೇ ಹೇಳಿ.

ಬರುವ ಸೋಮವಾರದಿಂದ ಒಂದು ವಾರ ಗದಗದ ಖಾನಾವಳಿಗಳಿಗೆ ಹೋಗಿ, ಹತ್ತು ರೊಟ್ಟಿ ಕೈಗಿಟ್ಟು ದರ ಮಾತಾಡಿ ಬನ್ನಿ. ಅಷ್ಟರಲ್ಲಿ ನಾದಿನಿಯ ಮಗ ಮುಂಗಡ ಹಣ ಕೊಡುವ ಇಪ್ಪತ್ತು ಮನೆ ಹುಡುಕಲಿ. ಬಿ.ಕಾಂ. ಓದುವ ಮಗಳಿಗೆ ಲೆಕ್ಕದ ಪುಸ್ತಕ ಒಪ್ಪಿಸಿ: ದಿನಾ ಬಡಿದದ್ದೆಷ್ಟು, ಹೋದದ್ದೆಷ್ಟು, ಮುರಿದದ್ದೆಷ್ಟು, ಹಣ ಬಂದ ತಾರೀಕು ಯಾವುದು. ಮೂರು ತಿಂಗಳಾದ ಮೇಲೆ ಆ ಪುಟಗಳ ಪ್ರತಿಯನ್ನು ನನಗೆ ಕಳಿಸಿ. ಮುಂದೇನು ಎಂಬುದನ್ನು ಆ ಅಂಕಿಗಳನ್ನು ನೋಡಿಯೇ ಹೇಳುತ್ತೇನೆ.